ಸೊಟ್ಟ ಹೊಲಿಗೆಯ ಬಲೆಗಳು

ಭಾವಮೈದುನ ಕಾಲು ಮುರಿದುಕೊಂಡ ಸುದ್ದಿ ಬಂದಾಗ ಟೈಲರ್ ಇಪ್ಪತ್ತೆರಡು ಮೀಟರ್ ಕೆಂಪು ಮಖಮಲ್ಲಿನ ನಡುವೆ ಸೊಂಟದವರೆಗೆ ಮುಳುಗಿ ಕೂತಿದ್ದ. ಶಾಲೆಯೊಂದರ ನಾಟಕದ ವೇದಿಕೆಗೆ ಪರದೆ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ ಆದ್ದರಿಂದ ಹೆಂಡತಿ ಅಡುಗೆಮನೆಯಿಂದ ಫೋನು ಹಿಡಿದುಕೊಂಡೇ ಓಡಿ ಬಂದಳು.

"ರೀ, ಕಾಲು ಮುರಿದುಕೊಂಡಿದಾನಂತೆ!"

"ಯಾರು?"

"ಇನ್ಯಾರು, ನನ್ನ ತಮ್ಮ. ಮರದಿಂದ ಬಿದ್ನಂತೆ."

"ಈ ವಯಸ್ಸಲ್ಲಿ ಮರ ಹತ್ತಿ ಏನು ಮಾಡ್ತಿದ್ದ?"

"ಚಿಟ್ಟೆ ಹಿಡಿಯೋ ಬಲೆ ಕಟ್ತಿದ್ದ."

ಇದಕ್ಕೆ ಹೇಳಬಹುದಾದ ಐದಾರು ಮಾತು ಟೈಲರ್‌ನ ನಾಲಿಗೆಯ ತುದಿಗೆ ಬಂದವು. ಹೆಂಡತಿಯ ಮುಖ ನೋಡಿ ಅಷ್ಟನ್ನೂ ನುಂಗಿದ. ಕಾಲು ಕೂಡಿಕೊಂಡಮೇಲೆ ಹೇಳಿದರಾಯಿತು ಎಂದು ಎತ್ತಿಟ್ಟುಕೊಂಡು ಮಖಮಲ್ಲಿನಿಂದ ಎದ್ದು ಚಪ್ಪಲಿ ಹುಡುಕಿದ.

ಮದುವೆಯಾದಾಗ ಹೆಂಡತಿಯ ಜೊತೆ ಎರಡು ಟ್ರಂಕು, ಒಂದು ಗೋಡೆ ಗಡಿಯಾರ, ಹನ್ನೊಂದು ವರ್ಷದ ಒಬ್ಬ ತಮ್ಮ ಮನೆಗೆ ಬಂದಿದ್ದರು. ಅಪ್ಪ ಅಮ್ಮ ಇಲ್ಲದ ಹುಡುಗ. ಗಡಿಯಾರ ಎರಡೇ ವರ್ಷಕ್ಕೆ ನಿಂತುಹೋಯಿತು, ತಮ್ಮ ಮಾತ್ರ ಕೆಡದೆ ಬಾಳಿಕೆ ಬಂದ ಎಂದು ಟೈಲರ್ ಬಂದವರ ಮುಂದೆಲ್ಲ ಹೇಳುತ್ತಿದ್ದ. ತನ್ನ ನಂತರ ಅಂಗಡಿ ಇವನದೇ ಎಂದುಕೊಂಡು ಮೂರು ವರ್ಷದ ರಜೆಗಳಲ್ಲಿ ಹುಡುಗನನ್ನು ಮಷೀನಿನ ಮುಂದೆ ಕೂರಿಸಿ ಹೊಲಿಗೆ ಕಲಿಸಲು ನೋಡಿದ. ಹುಡುಗ ಹೊಲಿದ ಮೊದಲ ಪ್ಯಾಂಟಿನಲ್ಲಿ ಒಂದು ಕಾಲು ತೂರಿಸಲು ದಾರಿಯೇ ಇರಲಿಲ್ಲ. ಕಿಟಕಿಯಿಂದ ಒಂದು ಪತಂಗ ಒಳಗೆ ಬಂತೋ, ಬಟ್ಟೆಯನ್ನು ಸೂಜಿಯ ಕೆಳಗೇ ಬಿಟ್ಟು ಅದರ ಹಿಂದೆ ಹೊರಟುಬಿಡುತ್ತಿದ್ದ. ಹಾಗೆ ಹೊರಟವನು ಓದಿ, ದೊಡ್ಡವನಾಗಿ, ಕೀಟಗಳ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಹಿಡಿದು, ಎರಡು ಬೀದಿಯಾಚೆ ಒಂದು ಕೋಣೆ ಮಾಡಿಕೊಂಡಿದ್ದ. ಟೈಲರ್ ತನ್ನ ಆಸೆಯನ್ನು ಚೊಕ್ಕವಾಗಿ ಮಡಿಚಿ ಒಳಗಿಟ್ಟ. ಅಂದಿನಿಂದ ಅವನನ್ನು ಕರೆಯುವುದು "ಚಿಟ್ಟೆ ಸಾಹೇಬ್ರು" ಎಂದೇ.

ಚಿಟ್ಟೆ ಸಾಹೇಬರು ತೊಡೆಯಿಂದ ಹೆಬ್ಬೆರಳಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಕ್ಕನ ಮನೆಗೇ ಬಂದಿಳಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಯಾಯಿತು. ಏಳು ವಾರ ಕಾಲು ನೆಲಕ್ಕೆ ಊರುವಂತಿಲ್ಲ. ಕಾಲಿಗಿಂತ ಹೆಚ್ಚಾಗಿ ಅವನು ನರಳುತ್ತಿದ್ದದ್ದು ಬಲೆಗಳಿಗಾಗಿ.

"ಭಾವ, ದಿನಕ್ಕೆ ಒಂದೇ ಗಂಟೆ ಕೆಲಸ," ಎಂದ ಮರುದಿನ ಬೆಳಗ್ಗೆ.

"ಯಾರಿಗೆ?"

"ಊರಾಚೆ ದೊಡ್ಡ ತೋಟದ ಹಿಂದೆ ಮರಗಳ ತೋಪಿದೆಯಲ್ಲ, ಅಲ್ಲಿ ಹತ್ತು ಬಲೆ ಕಟ್ಟಿದೀನಿ. ವರ್ಷಕ್ಕೆ ಎಂಟು ವಾರ, ಬೆಳಗ್ಗೆ ಬೆಳಗ್ಗೆ ನೋಡಬೇಕು. ಒಳಗಿರೋದನ್ನ ಎಣಿಸಿ, ರೆಕ್ಕೆ ಮೇಲೆ ನಂಬರ್ ಬರೆದು, ಬಿಟ್ಟುಬಿಡೋದು. ಆಮೇಲೆ ತಟ್ಟೆಗೆ ಹೊಸ ಹಣ್ಣು. ಅಷ್ಟೇ."

"ನಿನ್ನ ಆಫೀಸಲ್ಲಿ ಬೇರೆ ಯಾರೂ ಇಲ್ವಾ?"

"ಎಲ್ಲಾ ಒಬ್ಬೊಬ್ರು ಒಂದೊಂದು ಕಾಡಲ್ಲಿದಾರೆ. ಇರೋದು ಮೇಡಂ ಒಬ್ರೇ. ಅವರಿಗೆ ಮಂಡಿನೋವು."

"ಅಲ್ಲಯ್ಯಾ, ಚಿಟ್ಟೆ ಎಣಿಸಿ ನಿಮಗೇನು ಸಿಗುತ್ತೆ?"

"ಕಡಿಮೆ ಆಗ್ತಿದಾವೋ ಇಲ್ವೋ ಗೊತ್ತಾಗುತ್ತೆ. ಐದು ವರ್ಷದಿಂದ ಎಣಿಸ್ತಿದೀವಿ. ಎಣಿಸದೇ ಇದ್ರೆ, ಪೂರ್ತಿ ಇಲ್ಲವಾದ ದಿನಾನೂ ಯಾರಿಗೂ ಗೊತ್ತಾಗಲ್ಲ ಭಾವ."

ಟೈಲರ್ ಕತ್ತರಿಗೆ ಸಾಣೆ ಹಿಡಿಯುವ ನೆಪ ಮಾಡಿದ. "ಹೋಗ್ತಾರೆ ಬಿಡೋ," ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ಆ ಮನೆಯಲ್ಲಿ ತೀರ್ಮಾನಗಳು ಬರುತ್ತಿದ್ದದ್ದು ಅಲ್ಲಿಂದಲೇ.

ತಿನ್ನಿಸುವ ಹಣ್ಣಿಗೂ ಒಂದು ವಿಧಾನವಿತ್ತು. ತೀರಾ ಕಪ್ಪಗಾದ ಬಾಳೆಹಣ್ಣು, ಸಕ್ಕರೆ, ಹಳಸಿದ ಬಿಯರ್ ಮೂರನ್ನೂ ಕಿವುಚಿ, ಡಬ್ಬಿಯಲ್ಲಿ ಹಾಕಿ ಎರಡು ದಿನ ಬಿಸಿಲಿಗೆ ಇಡಬೇಕು. ಮುಚ್ಚಳ ಬಿಗಿ ಮಾಡಬಾರದು. ಟೈಲರ್ ಬಟ್ಟೆ ಒಣಗಿಸುತ್ತಿದ್ದ ಕಟ್ಟೆಯ ಮೇಲೆ ಡಬ್ಬಿ ಬಂದು ಕೂತಿತು.

ಮೊದಲ ಬೆಳಗ್ಗೆ ತೋಪಿಗೆ ಹೋದಾಗ ಅವನಿಗೆ ದಾರಿ ತೋರಿಸಿದವನು ತೋಟದ ಮಾಲಿ. ನಡೆಯುತ್ತಾ ಮಾಲಿ ಕೇಳಿದ, "ಸಾಹೇಬ್ರ ಕಾಲು ಹೇಗಿದೆ?"

"ಮರದಿಂದ ಬಿದ್ರೆ ಇನ್ನು ಹೇಗಿರುತ್ತೆ?"

"ಮರದಿಂದಲಾ?" ಮಾಲಿ ನಿಂತುಬಿಟ್ಟ. "ಮರ ಎಲ್ಲಿ ಹತ್ತಿದ್ರು? ಬಲೆನ ಹಗ್ಗದಲ್ಲಿ ಎಳೆದು ಏರಿಸೋದು. ಅವರು ಹಣ್ಣಿನ ರಸ ಚೆಲ್ಲಿಕೊಂಡು, ಅದರ ಮೇಲೇ ಕಾಲಿಟ್ಟು ಜಾರಿದ್ರು. ನಾನೇ ಎತ್ತಿದ್ದು."

ಟೈಲರ್‌ಗೆ ಆ ಬೆಳಗ್ಗೆ ನಿಧಿ ಸಿಕ್ಕಂತಾಯಿತು. ಮಾಲಿಯ ಕೈ ಕುಲುಕಿದ.

ಬಲೆ ಅವನು ಅಂದುಕೊಂಡ ಹಾಗಿರಲಿಲ್ಲ. ಎರಡು ತಂತಿ ಬಳೆಗಳಿಗೆ ಸುತ್ತಿ ಅಂಗಿಯ ತೋಳಿನಂತೆ ಇಳಿಬಿಟ್ಟ ಸೊಳ್ಳೆಪರದೆಯ ಬಟ್ಟೆ. ಮೇಲೆ ಮುಚ್ಚಿತ್ತು, ಕೆಳಗೆ ಬಾಯಿ ತೆರೆದಿತ್ತು. ಬಾಯಿಯಿಂದ ನಾಲ್ಕು ಬೆರಳು ಕೆಳಗೆ ನಾಲ್ಕು ದಾರದಲ್ಲಿ ಒಂದು ತಟ್ಟೆ ತೂಗುತ್ತಿತ್ತು. ಚಿಟ್ಟೆ ಆ ಸಂದಿಯಲ್ಲಿ ನುಗ್ಗಿ ತಟ್ಟೆಗೆ ಬಂದು ಕುಡಿಯುತ್ತದೆ, ಕುಡಿದಮೇಲೆ ನೆಟ್ಟಗೆ ಮೇಲಕ್ಕೆ ಹಾರಿ ಬಟ್ಟೆಯೊಳಗೆ ಸೇರುತ್ತದೆ, ಬಂದ ದಾರಿಯಲ್ಲೇ ಹೊರಗೆ ಹೋಗಬಹುದೆಂದು ಅದಕ್ಕೆ ಹೊಳೆಯುವುದಿಲ್ಲ ಎಂದು ಭಾವಮೈದುನ ವಿವರಿಸಿದ್ದ. "ಕುಡಿದೋರಿಗೆ ಯಾರಿಗೆ ಹೊಳೆಯುತ್ತೆ?" ಎಂದಿದ್ದ ಟೈಲರ್.

ಮೊದಲ ಬಲೆಯಲ್ಲಿ ಮೂರು ಇದ್ದವು. ಎರಡು ಚಿಟ್ಟೆ, ಬಲೆಯ ಮೇಲ್ಮೂಲೆಯಲ್ಲಿ ನಿದ್ದೆಹೋದ ಒಂದು ದಪ್ಪ ಪತಂಗ. ಚಿಟ್ಟೆ ಎಂದರೆ ಬಣ್ಣಬಣ್ಣದ್ದೆಂದು ಅವನು ತಿಳಿದಿದ್ದ. ಇವು ಕಂದು, ಒಣಗಿದ ಎಲೆಯಂತೆ. ಆದರೆ ಹತ್ತಿರದಿಂದ ನೋಡಿದರೆ ಕಂದಿನೊಳಗೇ ಏಳೆಂಟು ಕಂದು. ಅಂಚಿನಲ್ಲಿ ಗುಂಡಿಯ ಹಾಗೆ ಸಾಲಾಗಿ ಕಣ್ಣಿನ ಚುಕ್ಕೆಗಳು. ಒಂದೂ ಚುಕ್ಕೆ ಸಾಲು ತಪ್ಪಿರಲಿಲ್ಲ. ಮೂವತ್ತು ವರ್ಷ ನಯವಾದ ಜಾರ್ಜೆಟ್ಟು, ಶಿಫಾನು ಹಿಡಿದ ಬೆರಳು ಅವನದು. ಮಡಿಚಿದ ರೆಕ್ಕೆಯನ್ನು ಬುಡದಲ್ಲಿ ಹಿಡಿದು ಪೆನ್ನಿನಿಂದ ಒಂದು ಸಣ್ಣ ಅಂಕಿ ಬರೆದ. ಬೆರಳಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದಂಥ ಪುಡಿ ಹತ್ತಿತು. ಕೈ ಬಿಟ್ಟರೆ ಚಿಟ್ಟೆ ಹಾರಿದ್ದು ನೇರವಾಗಿಯಲ್ಲ, ಗೋಡೆ ಹಿಡಿದುಕೊಂಡು ಮನೆಗೆ ಹೋಗುವವನ ಹಾಗೆ.

ಮನೆಗೆ ಬಂದವನೇ ರಿಜಿಸ್ಟರನ್ನು ಮಂಚದ ಮೇಲೆ ಹಾಕಿದ. ಹೆಂಡತಿ ಅಲ್ಲೇ ಇದ್ದಾಳೆಂದು ಖಚಿತ ಮಾಡಿಕೊಂಡ.

"ತುಂಬಾ ಎತ್ತರದ ಮರ ಕಣಯ್ಯಾ ಅದು. ಹತ್ತೋದಿರಲಿ, ಬುಡದಲ್ಲಿ ನಡೆಯೋದೇ ಕಷ್ಟ."

ಭಾವಮೈದುನ ರಿಜಿಸ್ಟರಿನೊಳಗೆ ಮುಖ ಹುದುಗಿಸಿದ. "ಮಾಲಿ ಸಿಕ್ಕಿದ್ನಾ?"

"ಸಿಕ್ಕಿದ್ದ. ಒಳ್ಳೇ ಮನುಷ್ಯ. ಸುಳ್ಳು ಹೇಳೋಕೆ ಬರಲ್ಲ ಪಾಪ."

ಅಕ್ಕನಿಗೆ ವಿಷಯ ತಿಳಿದು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗಬೇಕಾಯಿತು.

ಎರಡನೇ ವಾರಕ್ಕೆ ಟೈಲರ್ ಯಾರೂ ಎಬ್ಬಿಸದೆ ತಾನೇ ಏಳತೊಡಗಿದ. ತೋಪಿನಿಂದ ಬಂದಮೇಲೆ ಸುದ್ದಿ ಹೇಳುತ್ತಿದ್ದ ರೀತಿಯೇ ಬೇರೆಯಾಗಿತ್ತು. "ಮೂವತ್ತೊಂದು ಇವತ್ತೂ ಬಂದಿದ್ದ," ಎನ್ನುತ್ತಿದ್ದ. ಮೂವತ್ತೊಂದು ಎಂದರೆ ಆ ಅಂಕಿ ಹೊತ್ತ ಚಿಟ್ಟೆ. ಬಿಟ್ಟು ಕಳಿಸಿದರೂ ನಾಲ್ಕು ದಿನ ಬಿಡದೆ ಅದೇ ಬಲೆಗೆ ಬಂದಿತ್ತು.

"ಅವನಿಗೆ ಮನೆ ಮಠ ಇಲ್ವಾ?" ಎನ್ನುತ್ತಿದ್ದಳು ಹೆಂಡತಿ.

"ಇರುತ್ತೆ. ಮನೇಲಿ ನಿನ್ನಂಥೋಳು ಯಾರೋ ಇರಬೇಕು, ಅದಕ್ಕೇ ಇಲ್ಲಿಗೆ ಬರ್ತಾನೆ."

"ನೀವೂ ಅಲ್ಲೇ ತಟ್ಟೆಗೆ ಬಾಯಿ ಹಾಕಿ. ಊಟಾನೂ ಅಲ್ಲೇ ಆಗಲಿ."

ಊಟದ ಮಾತು ಹಾಗಿರಲಿ, ವಾಸನೆಯಂತೂ ಅವನಿಗೆ ಅಂಟಿಯೇ ಬಿಟ್ಟಿತ್ತು. ಪರದೆಯ ಅಳತೆ ನೋಡಲು ಶಾಲೆಯ ಹೆಡ್‌ಮಿಸ್ಟ್ರೆಸ್ ಬಂದ ದಿನ ಟೈಲರ್ ಆಗತಾನೇ ಡಬ್ಬಿ ಕಲಕಿ ಬಂದಿದ್ದ. ಅವರು ಮೂಗು ಅರಳಿಸಿದರು. ಬೆಳಗಿನ ಒಂಬತ್ತೂವರೆ ಗಂಟೆ. ಒಂದೂ ಮಾತಾಡದೆ ಅಳತೆ ನೋಡಿ, ಹೋಗುವಾಗ ಅವನ ಹೆಂಡತಿಯನ್ನು ಬಾಗಿಲ ಮರೆಗೆ ಕರೆದರು.

"ತಪ್ಪು ತಿಳೀಬೇಡಿ. ನಿಮ್ಮೆಜಮಾನ್ರಿಗೆ ಇದು ಯಾವಾಗಿಂದ ಶುರುವಾಯ್ತು?"

ಹೆಂಡತಿ ಒಂದಿಷ್ಟೂ ನಗದೆ, "ನನ್ನ ತಮ್ಮ ಮನೆಗೆ ಬಂದಮೇಲೆ," ಎಂದಳು. "ದಿನಾ ಬೆಳಗ್ಗೆ ಎದ್ದು ತೋಪಿಗೆ ಹೋಗ್ತಾರೆ. ಅಲ್ಲಿ ಮೂವತ್ತೊಂದು ಅಂತ ಒಬ್ಬ ಸ್ನೇಹಿತ ಬೇರೆ ಸಿಕ್ಕಿದಾನೆ."

ಹೆಡ್‌ಮಿಸ್ಟ್ರೆಸ್ ನಿಟ್ಟುಸಿರು ಬಿಟ್ಟು ಅವಳ ಭುಜ ತಟ್ಟಿ ಹೋದರು. ಈ ಮಾತು ಟೈಲರ್‌ನ ಕಿವಿಗೆ ಬಿದ್ದದ್ದು ಪರದೆ ಕಟ್ಟಲು ಶಾಲೆಗೆ ಹೋದಾಗ. ಅಲ್ಲಿ ಯಾರೂ ಅವನನ್ನು ಏಣಿ ಹತ್ತಲು ಬಿಡಲಿಲ್ಲ.

ಇಷ್ಟೆಲ್ಲ ನಗುನಗುತ್ತಾ ನಡೆದದ್ದು. ತೊಂದರೆ ಶುರುವಾದದ್ದು ಹೊಲಿಗೆಯಿಂದ.

ಮೊದಲ ದಿನವೇ ಅದು ಅವನ ಕಣ್ಣಿಗೆ ಚುಚ್ಚಿತ್ತು. ಬಲೆಯ ಪಕ್ಕದ ಹೊಲಿಗೆ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಸಡಿಲವಾಗಿ, ಎಡಕ್ಕೆ ವಾಲುತ್ತಾ ಇಳಿಯುತ್ತಿತ್ತು. ಕೆಳಗಿನ ಅಂಚು ಒಂದು ಬದಿ ಗಿಡ್ಡ. ಹತ್ತೂ ಬಲೆಗಳದ್ದು ಇದೇ ಕತೆ. ಯಾರ ಕೈಕೆಲಸವೆಂದು ಕೇಳಬೇಕಾದ್ದೇ ಇರಲಿಲ್ಲ. ಆ ಎಡಕ್ಕೆ ವಾಲುವ ಚಾಳಿಯನ್ನು ಮೂರು ರಜೆಗಳಲ್ಲಿ ತಿದ್ದಲಾಗದೆ ಸೋತವನು ಅವನೇ. ದಿನವೂ ಅವನ ಕಣ್ಣೆದುರೇ ಒಂದೆರಡು ಚಿಟ್ಟೆ ಆ ಬಿರುಕಿನಿಂದ ಆರಾಮವಾಗಿ ಹೊರಗೆ ನಡೆದುಕೊಂಡು ಹೋಗುತ್ತಿದ್ದವು. ತನ್ನ ಮನೆಯಲ್ಲಿ ಬೆಳೆದ ಹುಡುಗ ಹೊಲಿದ ಬಟ್ಟೆ ಹೀಗೆ ಮರದ ಮೇಲೆ ನಾಲ್ಕು ಜನ ನೋಡುವ ಹಾಗೆ ತೂಗಾಡುತ್ತಿದೆಯಲ್ಲ ಎಂದು ಅವನಿಗೆ ಜೀವ ಹಿಂಡಿದಂತಾಗುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಒಂದನೇ ನಂಬರಿನ ಬಲೆಯನ್ನು ಇಳಿಸಿ, ಚೀಲದಲ್ಲಿ ತುರುಕಿಕೊಂಡು ಬಂದ. ಭಾವಮೈದುನ ನಿದ್ದೆಯಲ್ಲಿದ್ದ. ಹೊಲಿಗೆ ಬಿಚ್ಚಿ, ಒಳಮಡಿಕೆ ಕೊಟ್ಟು ಎರಡು ಸಾಲು ಹೊಲಿದ. ಅಂಚು ಸಮ ಮಾಡಿದ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಕೆಲಸಗಾರನ ಕೈ. ಬಾಯಿಯ ಒಳಗೆ ಲಾಳಿಕೆಯಂತೆ ಮೇಲಕ್ಕೆ ಕಿರಿದಾಗುವ ಒಂದು ಬಟ್ಟೆಯನ್ನೂ ಕೂಡಿಸಿದ. ಒಳಗೆ ಹೋಗುವುದು ಸಲೀಸು, ಹೊರಗೆ ಬರುವುದು ಅಸಾಧ್ಯ. ಸಂಜೆಯಾಗುವ ಮುಂಚೆ ಬಲೆ ಮರದಲ್ಲಿತ್ತು. ಮರುದಿನ ಎರಡನೆಯದು, ಆಮೇಲೆ ಮೂರನೆಯದು, ನಾಲ್ಕನೆಯದು. ಹತ್ತೂ ಮುಗಿದಮೇಲೆ ಹೇಳಿ ಚಿಟ್ಟೆ ಸಾಹೇಬರನ್ನು ಬೆರಗುಗೊಳಿಸುವ ಯೋಚನೆ ಅವನದು.

ಬೆರಗಾದದ್ದೇನೋ ನಿಜ. ರಿಜಿಸ್ಟರ್ ನೋಡುತ್ತಾ ಭಾವಮೈದುನ ಕಾಲಿಗೆ ಪ್ಲಾಸ್ಟರ್ ಇದ್ದದ್ದನ್ನೂ ಮರೆತು ಎದ್ದು ಕೂರಲು ಹೋದ.

"ಭಾವ! ಒಂದನೇ ಬಲೇಲಿ ಹನ್ನೊಂದಾ? ಸರಿಯಾಗಿ ಎಣಿಸಿದ್ರಾ?"

"ಅಳತೆ ವಿಷಯದಲ್ಲಿ ಇವತ್ತಿನವರೆಗೆ ನನ್ನ ಮೇಲೆ ದೂರು ಬಂದಿಲ್ಲ."

"ಎರಡರಲ್ಲಿ ಒಂಬತ್ತು, ಮೂರರಲ್ಲಿ ಹತ್ತು, ನಾಲ್ಕರಲ್ಲಿ ಹದಿಮೂರು. ಐದರಿಂದ ಮುಂದೆ ಮಾತ್ರ ಮೊದಲಿನ ಹಾಗೇ ಮೂರು, ನಾಲ್ಕು!" ಅವನು ತೋಪಿನ ನಕ್ಷೆ ತರಿಸಿಕೊಂಡ. ಒಂದರಿಂದ ನಾಲ್ಕು ಬಲೆಗಳಿದ್ದದ್ದು ತೊರೆಯ ಕಡೆ. ಎರಡು ದಿನ ಊಟದ ತಟ್ಟೆಯ ಪಕ್ಕದಲ್ಲೂ ಕಾಗದ ಹರಡಿಕೊಂಡು ಗೀಚಿದ. ತೊರೆಯ ದಡದಲ್ಲಿ ಏನೋ ನಡೆಯುತ್ತಿದೆ, ನೀರಿನ ತೇವಕ್ಕೂ ಇವುಗಳ ಸಂಖ್ಯೆಗೂ ಸಂಬಂಧವಿದೆ, ಐದು ವರ್ಷದಲ್ಲಿ ಇಂಥದ್ದು ಕಂಡಿಲ್ಲ ಎಂದು ಮೇಡಂಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿದ. ಅವನ ಕಣ್ಣಲ್ಲಿ, ಹಿಂದೆ ಪತಂಗದ ಬೆನ್ನು ಹತ್ತಿ ಮಷೀನು ಬಿಟ್ಟು ಏಳುವಾಗಿನ ಅದೇ ಹೊಳಪು.

ಟೈಲರ್‌ಗೆ ಹೇಳದೆ ಇರಲಾಗಲಿಲ್ಲ. ರಾತ್ರಿ ಊಟದ ಹೊತ್ತಿಗೆ, ಬಾಯಿ ಕಿವಿಯವರೆಗೆ ಅಗಲಿಸಿಕೊಂಡು, "ತೊರೇನೂ ಇಲ್ಲ, ತೇವಾನೂ ಇಲ್ಲ ಕಣಯ್ಯಾ," ಎಂದ. "ಎರಡು ಸಾಲು ಹೊಲಿಗೆ. ಒಳಗೊಂದು ಲಾಳಿಕೆ. ನಿನ್ನ ಭಾವನ ಕೈಚಳಕ."

ಭಾವಮೈದುನ ತುತ್ತು ಕೆಳಗಿಟ್ಟ. "ಏನಂದ್ರಿ?"

ಟೈಲರ್ ವಿವರಿಸಿದ. ವಿವರಿಸುತ್ತಾ ಹೋದಂತೆ ಎದುರಿನ ಮುಖ ಬಿಳಚಿಕೊಳ್ಳುತ್ತಾ ಹೋದದ್ದನ್ನು ಕೊನೆಗೆ ಗಮನಿಸಿದ.

"ಭಾವ, ಐದು ವರ್ಷದಿಂದ ಅದೇ ಬಲೆ. ಅದೇ ತೂತು. ಈಗ ಹೆಚ್ಚು ಸಿಕ್ರೆ ಚಿಟ್ಟೆ ಹೆಚ್ಚಾದವೋ, ಹೊಲಿಗೆ ಚೆನ್ನಾಯ್ತೋ, ಯಾವನಿಗೆ ಗೊತ್ತಾಗುತ್ತೆ? ಹಿಂದಿನ ಲೆಕ್ಕದ ಜೊತೆ ಇದನ್ನ ಹೇಗೆ ಇಡಲಿ? ನಿಮ್ಮನ್ನ ಯಾರು ಕೇಳಿದ್ರು ಹೊಲಿಯೋಕೆ?"

"ಹರಿದದ್ದು ಕಂಡ್ರೆ ಹೊಲಿಯೋದಕ್ಕೆ ಯಾರಾದ್ರೂ ಕೇಳಬೇಕಾ?"

"ಹರಿದಿರಲಿಲ್ಲ! ನಾನು ಹೊಲಿದದ್ದೇ ಹಾಗೆ!"

"ಅದನ್ನ ಇಷ್ಟು ಗಟ್ಟಿಯಾಗಿ ಹೇಳಬೇಡ. ಬೀದಿಗೆ ಕೇಳಿಸುತ್ತೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಮೂವರೂ ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ಭಾವಮೈದುನ ಗೋಡೆಯ ಕಡೆ ತಿರುಗಿ ಮಲಗಿದ. ಟೈಲರ್ ಅರ್ಧ ಊಟಕ್ಕೆ ಎದ್ದು ಅಂಗಡಿಯ ಕೋಣೆಗೆ ಹೋಗಿ, ಹೊಲಿಯುವುದೇನೂ ಇಲ್ಲದಿದ್ದರೂ ಮಷೀನಿಗೆ ಎಣ್ಣೆ ಬಿಡುತ್ತಾ ಕೂತ. ತನ್ನ ಹೊಲಿಗೆಯಿಂದ ಒಬ್ಬರ ಕೆಲಸ ಕೆಟ್ಟಿತು ಅನ್ನುವ ಮಾತನ್ನು ಅವನು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದ. ಅದೂ ಯಾರ ಬಾಯಿಂದ!

ಎರಡು ದಿನ ಇಬ್ಬರೂ ಮಾತಾಡಲಿಲ್ಲ. ಟೈಲರ್ ತೋಪಿಗೆ ಹೋಗಿ ಬರುವುದನ್ನಂತೂ ಬಿಡಲಿಲ್ಲ. ರಿಜಿಸ್ಟರನ್ನು ಮಂಚದ ಕಾಲ ಬಳಿ ಇಟ್ಟು ಬರುತ್ತಿದ್ದ. ಮಾತೆಲ್ಲ ಹೆಂಡತಿಯ ಮೂಲಕ.

"ಅಕ್ಕ, ಆರನೇ ಬಲೇಲಿ ಬರೆದಿರೋದು ಐದಾ ಆರಾ ಕೇಳು."

"ಐದು ಅಂತ ಹೇಳೇ. ಕಣ್ಣಿದ್ರೆ ಕಾಣುತ್ತೆ ಅಂತಾನೂ ಹೇಳು."

ಮೂವರೂ ಇದ್ದದ್ದು ಒಂದೇ ಕೋಣೆಯಲ್ಲಿ. ಎರಡನೇ ದಿನ ಸಂಜೆ ಅವಳು ಸೌಟು ಕೆಳಗಿಟ್ಟಳು. "ನಾನೇನು ಅಂಚೆಯವಳಾ? ಇನ್ನೊಂದು ಸಲ ಕೇಳು, ಹೇಳು ಅಂದ್ರೆ ಇಬ್ಬರಿಗೂ ಆ ಡಬ್ಬೀಲಿರೋದನ್ನೇ ಬಡಿಸ್ತೀನಿ. ಮೇಡಂನ ನಾಳೆ ಮನೆಗೆ ಕರೆದಿದೀನಿ. ಅವರ ಮುಂದೆ ಬಗೆಹರಿಸ್ಕೊಳ್ಳಿ."

ಮೇಡಂ ಕೋಲು ಊರಿಕೊಂಡು ಬಂದರು. ಕೂದಲೆಲ್ಲ ಬೆಳ್ಳಗಾದ, ಜೇಬಿನ ತುಂಬ ಭೂತಗನ್ನಡಿ, ಚಿಮಟ ತುಂಬಿಕೊಂಡ ಹೆಂಗಸು. ಟೈಲರ್ ಅವರಿಗೆ ಕುರ್ಚಿ ಹಾಕಿ, ತಪ್ಪು ಮಾಡಿದ ಶಾಲೆಯ ಹುಡುಗನಂತೆ ಗೋಡೆಗೆ ಒರಗಿ ನಿಂತ. ಅವನು ಇಳಿಸಿ ತಂದಿದ್ದ ನಾಲ್ಕರಲ್ಲಿ ಒಂದನೇ ಬಲೆಯನ್ನು ಅವರು ತೊಡೆಯ ಮೇಲೆ ಹಾಕಿಕೊಂಡು ಹೊಲಿಗೆಯ ಉದ್ದಕ್ಕೂ ಬೆರಳೆಳೆದರು.

"ಇಷ್ಟು ಚೆನ್ನಾಗಿರೋ ಬಲೆ ನಾನು ನೋಡಿಲ್ಲ," ಎಂದರು. ಟೈಲರ್ ಗೋಡೆಯಿಂದ ಸ್ವಲ್ಪ ಮುಂದೆ ಬಂದ. "ಬಿಚ್ಚಿಹಾಕಿ."

ಟೈಲರ್ ಮತ್ತೆ ಗೋಡೆಗೆ ಹೋದ.

"ಸೋರೋದು ತಪ್ಪಲ್ಲ ಇವರೇ," ಎಂದರು ಮೇಡಂ ಸಮಾಧಾನವಾಗಿ. "ಐದು ವರ್ಷ ಎಷ್ಟು ಸೋರಿತ್ತೋ ಈ ವರ್ಷವೂ ಅಷ್ಟೇ ಸೋರಬೇಕು. ಆಗಲೇ ಒಂದಕ್ಕೊಂದು ಹೋಲಿಸೋಕೆ ಬರೋದು. ನೀವು ಯಾವ ಬಲೆ ಯಾವ ದಿನ ಹೊಲಿದ್ರಿ, ನೆನಪಿದೆಯಾ?"

ಟೈಲರ್ ತನ್ನ ಅಳತೆಯ ಪುಸ್ತಕ ತಂದು ಕೊಟ್ಟ. ಶರ್ಟು, ಪರದೆ, ದಿಂಬಿನ ಚೀಲಗಳ ನಡುವೆ ನಾಲ್ಕು ಬಲೆಗಳೂ ಇದ್ದವು. ಬಿಚ್ಚಿದ ದಿನ, ಕಟ್ಟಿದ ಹೊತ್ತು, ಸುತ್ತಳತೆ, ಹಳೆಯ ಹೊಲಿಗೆಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಬಿರುಕಿತ್ತು ಎನ್ನುವುದೂ ಕೂಡ. ಮೇಡಂ ಕನ್ನಡಕ ಏರಿಸಿ ಓದಿದರು. ಮಂಚದ ಕಡೆ ತಿರುಗಿ, "ನಿನ್ನ ರಿಜಿಸ್ಟರಿಗಿಂತ ಇದೇ ನೀಟಾಗಿದೆಯಲ್ಲೋ," ಎಂದರು. "ಆ ನಾಲ್ಕು ಬಲೆಗಳ ಆ ದಿನಗಳನ್ನ ಲೆಕ್ಕದಿಂದ ಬಿಡೋಣ, ಯಾಕೆ ಬಿಟ್ವಿ ಅಂತ ಬರೆಯೋಣ. ನಿನ್ನ ತೊರೆಯ ಕತೇನೂ ಅದರ ಜೊತೆಗೇ ಬಿಟ್ಟುಬಿಡು."

ಭಾವಮೈದುನನ ಕಿವಿ ಕೆಂಪಾಯಿತು. ಮೇಡಂ ಕೋಲೂರಿಕೊಂಡು ಹೊರಟುಹೋದರು.

"ನಾನು ಆ ಮಾತು ಆಡಬಾರದಿತ್ತು ಭಾವ," ಎಂದ ಅವನು, ಪ್ಲಾಸ್ಟರಿನ ಮೇಲೆ ಉಗುರಿನಿಂದ ಗೀರುತ್ತಾ.

"ನಾನು ಕೇಳಿ ಹೊಲೀಬೇಕಿತ್ತು," ಎಂದ ಟೈಲರ್. ಕತ್ತರಿ ತೆಗೆದುಕೊಂಡು ಬಿಚ್ಚಲು ಕೂತ.

ಬಿಚ್ಚುವುದೇನೋ ಬೇಗ ಮುಗಿಯಿತು. ಸೊಟ್ಟಗೆ ಹೊಲಿಯುವುದು ಬರಲಿಲ್ಲ. ಟೈಲರ್ ಉಸಿರು ಬಿಗಿಹಿಡಿದು ಬಟ್ಟೆಯನ್ನು ಎಡಕ್ಕೆ ಎಳೆದ. ಕೈ ತಾನೇ ಬಲಕ್ಕೆ ತಂದು ನೇರ ಮಾಡಿತು. ಕಣ್ಣು ಮುಚ್ಚಿ ಹೊಲಿದ. ತೆಗೆದು ನೋಡಿದರೆ ಸಾಲು ದಾರ ಹಿಡಿದಂತೆ ನೆಟ್ಟಗಿತ್ತು.

"ಇನ್ನೂ ಸ್ವಲ್ಪ ಕೆಟ್ಟದಾಗಿ, ಭಾವ."

"ಇದಕ್ಕಿಂತ ಕೆಟ್ಟದಾಗಿ ಹೊಲಿದ್ರೆ ನಮ್ಮ ಗುರುಗಳು ಎದ್ದು ಬಂದು ಕೆನ್ನೆಗೆ ಹೊಡೀತಾರೆ ಕಣಯ್ಯಾ."

ಮೂರನೇ ಸಲವೂ ಸಾಲು ನೇರವಾದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮುರಿದಿರೋದು ಅವನ ಕಾಲು. ಕೈ ನೆಟ್ಟಗಿದೆಯಲ್ಲ?" ಎಂದಳು.

ಹಾಗೆ ಭಾವಮೈದುನನನ್ನು ಎತ್ತಿ ಮಷೀನಿನ ಮುಂದೆ ಕೂರಿಸಿದ್ದಾಯಿತು. ಪ್ಲಾಸ್ಟರ್ ಕಾಲು ಪಕ್ಕದ ಸ್ಟೂಲಿನ ಮೇಲೆ. ತುಳಿಯುವುದು ಅವನಿಂದ ಸಾಧ್ಯವಿಲ್ಲ. ಟೈಲರ್ ಇನ್ನೊಂದು ಸ್ಟೂಲು ಎಳೆದು, ಅವನ ಮಗ್ಗುಲಲ್ಲಿ ಅಂಟಿಕೊಂಡು ಕೂತು ಕಾಲು ಚಾಚಿ ತುಳಿಯತೊಡಗಿದ. ತುಳಿಯುವವನೊಬ್ಬ, ಬಟ್ಟೆ ನಡೆಸುವವನೊಬ್ಬ. ಮೊದಲು ಸೂಜಿ ಒಬ್ಬರನ್ನೊಬ್ಬರು ನಂಬದವರ ಹಾಗೆ ನಿಂತು ನಿಂತು ಓಡಿತು. ಆಮೇಲೆ ಹೊಂದಿಕೊಂಡಿತು.

"ನಿಧಾನ ಭಾವ, ತಿರುವು ಬಂತು."

"ತಿರುವು ಎಲ್ಲಿದೆಯಯ್ಯಾ? ಅದು ನೆಟ್ಟಗಿನ ಬಟ್ಟೆ!"

ಹೊಲಿಗೆ ಎಡಕ್ಕೆ ವಾಲಿತು. ಟೈಲರ್‌ನ ಬಲಗೈ ತನ್ನಷ್ಟಕ್ಕೆ ಬಟ್ಟೆಯ ಕಡೆ ಹೊರಟಿತು. ಹೆಂಡತಿ ಅದನ್ನು ಹಿಡಿದು ಅವನ ಮಂಡಿಯ ಮೇಲಿಟ್ಟಳು. ಅವನು ತುಳಿಯುತ್ತಲೇ ಇದ್ದ. ಹಿಂದೆ ಇದೇ ಜಾಗದಲ್ಲಿ, ಕಾಲು ಎಟುಕದ ಹುಡುಗನಿಗಾಗಿ ಹೀಗೇ ಕೂತು ತುಳಿದದ್ದು ಅವನಿಗೆ ನೆನಪಾಯಿತು. ಆಗೆಲ್ಲ ಎಷ್ಟು ಬೈದಿದ್ದ! ಈಗ ವಾಲುತ್ತಾ ಹೋಗುತ್ತಿದ್ದ ಸಾಲನ್ನು ನೋಡುತ್ತಾ, ಅದು ಕೈಲಾಗದವನ ಹೊಲಿಗೆಯಲ್ಲ, ಬೇರೆಲ್ಲೋ ನೋಡುತ್ತಿದ್ದವನ ಹೊಲಿಗೆ ಅನ್ನಿಸಿತು. "ಭೇಷ್, ಇದಕ್ಕಿಂತ ಸೊಟ್ಟ ಯಾರಿಂದಲೂ ಆಗಲ್ಲ," ಎಂದಷ್ಟೇ ಅಂದ. ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕದ್ದರಿಂದ ಹೊಲಿಗೆ ಇನ್ನಷ್ಟು ಕೆಟ್ಟು, ಆ ಒಂದು ಗೇಣನ್ನು ಬಿಚ್ಚಿ, ಸರಿಯಾದಷ್ಟೇ ಕೆಡುವಂತೆ ಮತ್ತೆ ಹೊಲಿಯಬೇಕಾಯಿತು.

ನಾಲ್ಕೂ ಬಲೆಗಳು ಮರಕ್ಕೆ ಹೋದವು. ಮರುದಿನದಿಂದ ಮತ್ತೆ ಮೂರು, ನಾಲ್ಕು, ಎರಡು. ಚಿಟ್ಟೆಯೊಂದು ಬಿರುಕಿನಲ್ಲಿ ತಲೆ ಹಾಕಿ, ಎರಡು ಕ್ಷಣ ಯೋಚಿಸಿ, ಮೈ ಜಾರಿಸಿಕೊಂಡು ಹೊರಗೆ ಬರುವುದನ್ನು ಟೈಲರ್ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನೋಡುತ್ತಿದ್ದ. ಹೋದ ಮೇಲೆ "ಹೋಗಿ ಬಾರಪ್ಪಾ" ಎನ್ನುತ್ತಿದ್ದ. ರಿಜಿಸ್ಟರಿನಲ್ಲಿ ಅದನ್ನು ಬರೆಯುವ ಹಾಗಿರಲಿಲ್ಲ.

ಎಂಟನೆಯ ವಾರದ ಕೊನೆಯ ಬೆಳಗ್ಗೆ ಭಾವಮೈದುನ ಕೋಲೂರಿಕೊಂಡು ಜೊತೆಗೆ ಬಂದ. ಪ್ಲಾಸ್ಟರ್ ತೆಗೆದು ಮೂರು ದಿನವಾಗಿತ್ತು. ಕಾಲು ಬಿಳುಪೇರಿ, ಬೇರೆ ಯಾರದೋ ಕಾಲಿನಂತೆ ಕಾಣುತ್ತಿತ್ತು. ಅವನು ಒಂದು ಮರದ ಬುಡದಲ್ಲಿ ಕೂತು ರಿಜಿಸ್ಟರ್ ಹಿಡಿದ. ಬಲೆ ಇಳಿಸುವುದು, ಹಿಡಿಯುವುದು, ಅಂಕಿ ಓದುವುದು ಎಲ್ಲ ಟೈಲರ್‌ನ ಪಾಲಿಗೆ. ಒಂದೊಂದನ್ನೂ ನೋಡಿ, ಬಿಟ್ಟು, ಬಲೆ ಮಡಿಚಿ ಚೀಲಕ್ಕೆ ಹಾಕುತ್ತಾ ಹೋದರು. ಮುಂದಿನ ವರ್ಷ ಸೊಟ್ಟ ಬಲೆಯ ಪಕ್ಕದಲ್ಲೇ ಒಂದೊಂದು ನೆಟ್ಟಗಿನ ಬಲೆ ಕಟ್ಟಿ ನೋಡೋಣ ಎಂದು ಮೇಡಂ ಹೇಳಿ ಕಳಿಸಿದ್ದರು. ಟೈಲರ್ ಆಗಲೇ ಬಟ್ಟೆ ಆರಿಸಿಟ್ಟಿದ್ದ.

ಹತ್ತನೆಯ ಬಲೆಯಲ್ಲಿ ಒಂದೇ ಒಂದು ಚಿಟ್ಟೆ ಇತ್ತು. ಹೊಸದು, ರೆಕ್ಕೆ ಬಿಡಿಸಿ ಹೆಚ್ಚು ದಿನವಾಗಿಲ್ಲದ್ದು, ಅಂಚೆಲ್ಲ ಇಸ್ತ್ರಿ ಮಾಡಿದಂತಿತ್ತು. ಅಂಕಿ ಬರೆದು ಟೈಲರ್ ಬೆರಳು ಸಡಿಲಿಸಿದ. ಅದು ಹಾರಲಿಲ್ಲ. ಹೆಬ್ಬೆರಳಿನಿಂದ ಮಣಿಕಟ್ಟಿಗೆ ನಡೆದು, ಬೆವರಿದ್ದ ಕಡೆ ಸುರುಳಿ ನಾಲಿಗೆಯನ್ನು ಬಿಚ್ಚಿ ಊರಿತು.

ಮಾಲಿ ದೂರದಿಂದ ಕೈಬೀಸಿ ಕರೆದ. ಬಿಸಿಲು ಏರಿತ್ತು, ಅಂಗಡಿ ತೆರೆಯುವ ಹೊತ್ತಾಗಿತ್ತು. ಭಾವಮೈದುನ ಕೋಲಿನ ಮೇಲೆ ಭಾರ ಹಾಕಿ ಮೇಲೆದ್ದ.

"ಹೋಗೋಣ್ವಾ ಭಾವ?"

ಟೈಲರ್ ಕೈಯನ್ನು ಎದೆಯ ಮಟ್ಟಕ್ಕೆ ಚಾಚಿಕೊಂಡು, ಅಳತೆಗೆ ನಿಂತ ಗಿರಾಕಿಯ ಹಾಗೆ ಅಲ್ಲಾಡದೆ ನಿಂತಿದ್ದ.

"ತಾಳಯ್ಯಾ," ಎಂದ ಪಿಸುದನಿಯಲ್ಲಿ. "ಇನ್ನೂ ಕುಡೀತಿದೆ."